ಟ್ರೈಲರ್ ಎಳೆದುಕೊಂಡು ಲೀಟರಿಗೆ ಹತ್ತು

ನಮ್ಮ ಭಾವ ಈ ಭೂಮಿಯ ಮೇಲೆ ಏನನ್ನೂ ನಂಬುವುದಿಲ್ಲ ಎಂದು ಊರವರು ಹೇಳುತ್ತಾರೆ. ಇದು ಅನ್ಯಾಯದ ಮಾತು. ಟ್ಯಾಂಕಿನ ಬಾಯಿಯವರೆಗೆ ಬಂದು ತುಳುಕುವ ಡೀಸೆಲನ್ನು ಅವರು ನಂಬುತ್ತಾರೆ. ಅದೂ ತಾವೇ ಮಂಡಿಯೂರಿ ಕೂತು, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಟ್ಯಾಂಕಿನ ಬಾಯಿಗೆ ಹಚ್ಚಿ, ಒಳಗೆ ಮಿನುಗುತ್ತಿರುವುದು ಡೀಸೆಲ್ಲೇ ಹೊರತು ಬರೀ ನೊರೆಯಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಹೊಸದುರ್ಗ ತಾಲ್ಲೂಕಿನ ಮಾಡದಕೆರೆ ಕಡೆಯವರು. ಮನೆತನದ ಕಸುಬು ಕುರಿ. ಮೀಸೆ ಮೂಡುವ ಮೊದಲಿನಿಂದ ಕೂದಲು ನರೆಯುವವರೆಗೆ ಹಿಂಡಿನ ಹಿಂದೆ ನಡೆದವರು ಈಗ ಹಿಂಡನ್ನು ತಮ್ಮಂದಿರಿಗೆ ಬಿಟ್ಟು, ಸಂತೆಯಿಂದ ಸಂತೆಗೆ ಕುರಿ ಸಾಗಿಸಿ ಮಾರುವ ವ್ಯಾಪಾರ ಹಿಡಿದಿದ್ದಾರೆ. ಬೇರೆಯವರಾಗಿದ್ದರೆ ಇದಕ್ಕೆ ಒಂದು ಚಿಕ್ಕ ಗೂಡ್ಸ್ ಗಾಡಿ ತೆಗೆದುಕೊಳ್ಳುತ್ತಿದ್ದರು. ನಮ್ಮ ಭಾವ ಏಳು ಸೀಟಿನ, ಆನೆಮರಿಯಂಥ ಕಾರು ಕೊಂಡರು. ಅದರ ಹಿಂದೆ ಕೊಂಡಿ ಹಾಕಿಸಿ ಎರಡು ಚಕ್ರದ ಟ್ರೈಲರ್ ಕಟ್ಟಿದರು. ಕುರಿಗಳು ಟ್ರೈಲರಿನಲ್ಲಿ, ಭಾವ ಕಾರಿನಲ್ಲಿ, ಉಳಿದ ಆರು ಸೀಟುಗಳಲ್ಲಿ ಬರೀ ಗಾಳಿ.

"ಭಾವ, ಇಷ್ಟಕ್ಕೆ ಗೂಡ್ಸ್ ಗಾಡಿ ಸಾಕಿತ್ತಲ್ರಿ" ಎಂದು ನಾನು ಆಗಲೇ ಹೇಳಿದ್ದೆ.

"ಹುಟ್ಟಿದಾಗಿಂದ ಕುರಿ ಹಿಂದೆ ನಾನು ನಡೆದೀನಿ. ಇನ್ಮೇಲೆ ಕುರಿ ನನ್ ಹಿಂದೆ ಬರ್ಲಿ ಬಿಡಪ್ಪ" ಎಂದರು.

ಆ ಮಾತಿಗೆ ನಾನು ಸೋತೆ. ಮಾತಿನಲ್ಲಿ ಸುಲಭಕ್ಕೆ ಸೋಲುವ ಆಸಾಮಿಯಲ್ಲ ನಾನು. ಚಿತ್ರದುರ್ಗದ ಹೈವೇ ಪಕ್ಕ ನನ್ನದೊಂದು ಹಳೆ ಟೈರಿನ ಅಂಗಡಿ ಇದೆ. ಬೇರೆಯವರ ಅಂಗಡಿಯ ಮುಂದೆ ಪಂಕ್ಚರ್ ಹಾಕುತ್ತ ಶುರು ಮಾಡಿ ಸ್ವಂತ ಅಂಗಡಿಯವರೆಗೆ ಬಂದವನು ನಾನು; ದಾರಿಯುದ್ದಕ್ಕೂ ಎದುರಿಗೆ ಬಂದವರ ಜೊತೆಗೆಲ್ಲ ಚೌಕಾಸಿ ಮಾಡಿದ್ದೇನೆ. ಟೈರು ಮಾರುವವನಿಗೆ ಒಂದು ಗುಣ ಬರುತ್ತದೆ. ಎದುರಿಗಿರುವವನ ಮುಖ ನೋಡದೆ ಅವನ ಟೈರು ಎಲ್ಲಿ ಸವೆದಿದೆ ಎಂದು ನೋಡುತ್ತಾನೆ. ಸವೆದ ಜಾಗ ಸುಳ್ಳು ಹೇಳುವುದಿಲ್ಲ. ಆದ್ದರಿಂದ ಈ ಪ್ರಬಂಧದ ನಡುನಡುವೆ ನಾನು ನಿಮಗೆ ಕೆಲವು ಸಲಹೆ ಕೊಟ್ಟರೆ ಬೇಡವೆನ್ನಬೇಡಿ. ಅಂಗಡಿಗೆ ಬಂದರೆ ಅವಕ್ಕೆ ದುಡ್ಡು ತೆಗೆದುಕೊಳ್ಳುತ್ತೇನೆ.

ಮೊದಲ ಸಲಹೆ: ನಮ್ಮ ಭಾವನ ಹಿಂದೆ ಬಂಕಿನಲ್ಲಿ ಸಾಲು ನಿಲ್ಲಬೇಡಿ.

ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ, ಹಿರಿಯೂರು, ಈ ನಾಲ್ಕೂ ಊರಿನ ಬಂಕಿನವರಿಗೆ ಅವರ ಗುರುತಿದೆ. ಗಾಡಿ ತಿರುಗಿ ಒಳಗೆ ಬರುತ್ತಿದ್ದಂತೆ ಒಬ್ಬರಿಗೊಬ್ಬರು ಕಣ್ಣು ಹೊಡೆದು, ಟೀ ಕುಡಿಯಲು ಹೋದಂತೆ ಮಾಡುತ್ತಾರೆ. ಭಾವ ಮೊದಲು ಗಾಡಿಯನ್ನು ಒಂದು ಸಮ ನೆಲದ ಮೇಲೆ ನಿಲ್ಲಿಸಬೇಕು. ಸಮ ಎಂದು ಯಾರು ಹೇಳಬೇಕು? ಅವರ ಹತ್ತಿರ ಒಂದು ನೀರಿನ ಬಾಟಲಿ ಇದೆ. ಅದನ್ನು ಅಡ್ಡ ಮಲಗಿಸಿ ಒಳಗಿನ ನೀರು ಯಾವ ಕಡೆ ವಾಲುತ್ತದೆ ಎಂದು ನೋಡುತ್ತಾರೆ. ಆಮೇಲೆ ಡೀಸೆಲ್ ಬಿಡಿಸುತ್ತಾರೆ. ಪಂಪು ತಾನಾಗಿ ನಿಂತ ಮೇಲೆ ನಾವೆಲ್ಲ ಏನು ಮಾಡುತ್ತೇವೆ? ದುಡ್ಡು ಕೊಟ್ಟು ಹೊರಡುತ್ತೇವೆ. ಭಾವನ ಕೆಲಸ ಶುರುವಾಗುವುದೇ ಅಲ್ಲಿಂದ. ಗಾಡಿಯ ಬೆನ್ನಿಗೆ ಎರಡೂ ಕೈ ಊರಿ ಅದನ್ನು ಅತ್ತ ಇತ್ತ ಜೋರಾಗಿ ಅಲ್ಲಾಡಿಸುತ್ತಾರೆ. ಒಳಗೆ ಸಿಕ್ಕಿಕೊಂಡ ಗಾಳಿ ಹೊರಬಂದು ಇನ್ನಷ್ಟು ಡೀಸೆಲಿಗೆ ಜಾಗವಾಗಬೇಕು. ಹಿಂದೆ ಕಟ್ಟಿದ ಟ್ರೈಲರಿನ ಕುರಿಗಳು ತಮಗೇನೋ ಆಗುತ್ತಿದೆ ಎಂದು ಒಕ್ಕೊರಲಿನಿಂದ ಕೂಗುತ್ತವೆ.

"ಸಾಕು ಬಿಡ್ರಿ ಗೌಡ್ರೆ, ಕುರಿ ವಾಂತಿ ಮಾಡ್ಕಂತವೆ" ಎಂದು ಬಂಕಿನವನು ಒಮ್ಮೆ ಬೇಡಿಕೊಂಡ.

"ಮಾಡ್ಕಂಡ್ರೆ ತೂಕ ಕಮ್ಮಿ ಆಗ್ತತೆ. ನೀನು ಇನ್ನೊಂಚೂರು ಬಿಡು" ಎಂದರು ಭಾವ.

ಹೀಗೆ ಒಮ್ಮೆ ಟ್ಯಾಂಕಿನ ಬಾಯಿವರೆಗೆ ತುಂಬಿಸಿ, ಓಡಿಸಿ ಬಂದು ಮತ್ತೆ ಬಾಯಿವರೆಗೆ ತುಂಬಿಸಿ, ಓಡಿದ ದೂರವನ್ನು ಕುಡಿದ ಡೀಸೆಲಿನಿಂದ ಭಾಗಿಸುವುದು ಅವರ ಲೆಕ್ಕ. ಗಾಡಿಯೊಳಗೆ ಸ್ಟೀರಿಂಗಿನ ಪಕ್ಕ ಪುಟ್ಟ ಟಿವಿಯಂಥ ಒಂದು ಪರದೆ ಇದೆ. ಲೀಟರಿಗೆ ಎಷ್ಟು ಓಡುತ್ತಿದೆ ಎಂದು ಅದೇ ಹೊಳೆದು ತೋರಿಸುತ್ತದೆ. ಅದನ್ನು ಭಾವ ನೋಡುತ್ತಾರೆ, ನಂಬುವುದಿಲ್ಲ. "ಪರದೆ ಕಂಪನಿಯವರ ಬಾಯಿ. ಟ್ಯಾಂಕು ನಮ್ ಬಾಯಿ" ಎನ್ನುತ್ತಾರೆ.

ಇಷ್ಟು ಎಚ್ಚರದ ಮನುಷ್ಯ ಒಂದು ಕಡೆ ಮಾತ್ರ ಎಚ್ಚರ ತಪ್ಪಿದರು. ಸಂತೆಯಲ್ಲಿ, ಚಹಾದ ಅಂಗಡಿಯಲ್ಲಿ, ನೆಂಟರ ಮದುವೆಯ ಪಂಕ್ತಿಯಲ್ಲಿ, "ನಮ್ ಗಾಡಿ ಟ್ರೈಲರ್ ತುಂಬ ಕುರಿ ಎಳ್ಕಂಡು ಲೀಟರಿಗೆ ಹತ್ತು ಕೊಡ್ತತೆ" ಎಂದು ಸಾರಿಬಿಟ್ಟರು. ಟೈರು ಮಾರುವವನಾಗಿ ನನಗೆ ಗೊತ್ತು. ಬರೀ ಗಾಡಿ ಓಡಿಸಿದರೆ ಬರುವ ಮೈಲೇಜಿನಲ್ಲಿ, ಬಾಲಕ್ಕೆ ಭಾರ ಕಟ್ಟಿದ ಕೂಡಲೇ ಮೂರರಲ್ಲಿ ಒಂದು ಪಾಲು ಹಾರಿಹೋಗುತ್ತದೆ. ಹತ್ತು ಎಂದರೆ ನಾನು ನಕ್ಕು ಬೇರೆ ಗಿರಾಕಿಯ ಕಡೆ ತಿರುಗುವಂಥ ಮಾತು.

ಮಾತು ತಿರುಗಿ ತಿರುಗಿ ಅಕ್ಕನ ಕಿವಿಗೆ ಬಿತ್ತು. ಅಕ್ಕನಿಗೆ ಮೊದಲಿನಿಂದಲೂ ಆ ಗಾಡಿಯ ಮೇಲೆ ಗುಮಾನಿ. ಅಂಗಳದಲ್ಲಿ ಅಷ್ಟು ದೊಡ್ಡದು ನಿಂತಿದ್ದರೆ ಮನೆಗೆ ಬಂದವರು ನಮ್ಮಲ್ಲಿ ಏನೇನೋ ಇದೆ ಎಂದುಕೊಳ್ಳುತ್ತಾರೆ ಎಂಬುದು ಅವಳ ಹೆದರಿಕೆ. ನಾನು ಹೋದ ದಿನ ಹೊರಜಗಲಿಯಲ್ಲೇ ತೀರ್ಮಾನ ಹೇಳಿದಳು.

"ಹತ್ತು ಕೊಡ್ತತೆ ಅಂತ ಊರೆಲ್ಲ ಹೇಳ್ಕಂಡು ಬಂದೀರಿ. ಕೊಟ್ರೆ ಗಾಡಿ ಇರ್ಲಿ, ನಾನು ಇನ್ನೊಂದ್ ಮಾತಾಡಲ್ಲ. ಕೊಡ್ಲಿಲ್ಲ ಅಂದ್ರೆ ಮಾರ್ರಿ. ಗೂಡ್ಸ್ ಗಾಡಿ ತಗಳ್ರಿ."

"ಕೊಡ್ತತೋ ಇಲ್ವೋ ಅಂತ ಯಾರು ನೋಡಾರು?" ಎಂದರು ಭಾವ.

"ನನ್ ತಮ್ಮ ನೋಡ್ತಾನೆ."

ಭಾವ ನನ್ನನ್ನು ಮೇಲಿಂದ ಕೆಳಕ್ಕೆ ಅಳೆದರು. "ಇವನಾ? ಇವನು ಆಗ್ಲೇ ಗಿರಾಕಿ ನೋಡಿಟ್ಟಿರ್ತಾನೆ."

ನೋಡಿಟ್ಟಿದ್ದೆ. ಇದರಲ್ಲಿ ಮುಚ್ಚಿಡುವುದೇನಿದೆ? ಒಳ್ಳೆಯ ಗಾಡಿ ಮಾರಾಟಕ್ಕೆ ಬರಬಹುದು ಎಂಬ ವಾಸನೆ ಬಂದರೆ ಗಿರಾಕಿಯನ್ನು ಹುಡುಕಿಡದವನು ವ್ಯಾಪಾರಿಯೇ ಅಲ್ಲ. ಆದರೆ ಭಾವನ ಮುಖ ನೋಡಿ ಬಾಯಿ ಬಿಡಲಿಲ್ಲ. ಅವರು ಅಂದು ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಗಾಡಿ ತೊಳೆಯಲು ಕೂತರು. ತೊಳೆದ ಬಾಗಿಲನ್ನೇ ಮತ್ತೆ ತೊಳೆದರು. ದಿನಾ ಬೆಳಗ್ಗೆ ಸ್ಟೀರಿಂಗ್ ಹಿಂದೆ ಸುಮ್ಮನೆ ಕೂತು ಚಹಾ ಕುಡಿಯುವ ಮನುಷ್ಯ. ಗಾಡಿ ಹೋದರೆ ಆ ಚಹಾವನ್ನು ಎಲ್ಲಿ ಕೂತು ಕುಡಿಯುತ್ತಾರೆ ಎಂದು ನನಗೂ ಒಂದು ಗಳಿಗೆ ಅನ್ನಿಸಿತು. ಒಂದೇ ಗಳಿಗೆ.

ಪರೀಕ್ಷೆಗೆ ಇನ್ನೂ ಸಮಯವಿತ್ತು. ಭಾವ ತಮ್ಮ ಮೈಲೇಜು ಕದಿಯುತ್ತಿರುವವರನ್ನು ಒಬ್ಬೊಬ್ಬರಾಗಿ ಹುಡುಕತೊಡಗಿದರು.

ಮೊದಲ ಆರೋಪಿ ಗಾಳಿಯಂತ್ರಗಳು. ನಮ್ಮ ಕಡೆ ಯಾವ ಗುಡ್ಡದ ನೆತ್ತಿ ನೋಡಿದರೂ ಅವು ರೆಕ್ಕೆ ಬೀಸುತ್ತ ನಿಂತಿರುತ್ತವೆ. ಆಷಾಢದ ಗಾಳಿಯಲ್ಲಿ ಟ್ರೈಲರ್ ಎಳೆಯುವಾಗ ಗಾಡಿ ಏದುಸಿರು ಬಿಡುವುದನ್ನು ಭಾವ ಗಮನಿಸಿದ್ದರು. ಆಗೆಲ್ಲ ಗುಡ್ಡದ ಮೇಲಿನ ರೆಕ್ಕೆಗಳೂ ಜೋರಾಗಿಯೇ ತಿರುಗುತ್ತಿದ್ದವು.

"ನೋಡ್ದಾ? ನಾನು ಬರ್ತಿದ್ದಂಗೆ ಸ್ಪೀಡ್ ಮಾಡ್ಯಾರೆ" ಎಂದರು.

"ಭಾವ, ಅವು ಗಾಳಿ ಬಿಡಲ್ಲ. ಬೀಸೋ ಗಾಳಿಗೆ ತಿರುಗಿ ಕರೆಂಟ್ ಕೊಡ್ತವೆ."

"ನಮ್ಮನೆ ಫ್ಯಾನು ಕರೆಂಟ್ ತಿಂದು ಗಾಳಿ ಕೊಡ್ತತೆ. ಅಷ್ಟ್ ದೊಡ್ ಫ್ಯಾನು ಗಾಳಿ ತಿಂದು ಕರೆಂಟ್ ಕೊಡ್ತತಾ? ಯಾರ್ ಮುಂದೆ ಹೇಳ್ತೀಯ?"

ನಾನು ವಿವರಿಸಲು ಹೋದೆ. ಅವರು ಕೇಳಿದರು, ತಲೆಯಾಡಿಸಿದರು, ಆಮೇಲೆ ನಿಧಾನವಾಗಿ, "ನಿಂಗೂ ಅವರಿಗೂ ಏನ್ ವ್ಯವಹಾರ?" ಎಂದು ಕೇಳಿದರು. ಅಂದಿನಿಂದ ನಾನು ಎರಡನೆಯ ಆರೋಪಿ.

ನಿಜವಾದ ಕಳ್ಳ ಸಿಕ್ಕಿದ್ದು ನನ್ನ ಕಣ್ಣಿಗೆ. ಕುರಿಗಳಿಗೆ ಬಿಸಿಲು ತಾಕಬಾರದೆಂದು ಭಾವ ಟ್ರೈಲರಿನ ಮೇಲೆ ನೀಲಿ ಟಾರ್ಪಾಲು ಕಟ್ಟುತ್ತಿದ್ದರು. ಒಂದು ದಿನ ಅವರ ಹಿಂದೆ ಬೈಕಿನಲ್ಲಿ ಹೋಗುವಾಗ ನೋಡುತ್ತೇನೆ, ಆ ಟಾರ್ಪಾಲು ಗಾಳಿ ತುಂಬಿಕೊಂಡು ಬಸುರಿಯ ಹೊಟ್ಟೆಯಂತೆ ಉಬ್ಬಿದೆ. ಗಾಡಿ ಮುಂದಕ್ಕೆ ಎಳೆಯುತ್ತಿದೆ, ಟಾರ್ಪಾಲು ಹಿಂದಕ್ಕೆ ಹಿಡಿದಿದೆ. ನಡುವೆ ಡೀಸೆಲ್ ಉರಿಯುತ್ತಿದೆ. ಟ್ರೈಲರ್ ಕಟ್ಟುವ ಎಲ್ಲರಿಗೂ ನನ್ನ ಸಲಹೆ: ಭಾರಕ್ಕಿಂತ ಮೊದಲು ಗಾಳಿಗೆ ಹೆದರಿ. ಟಾರ್ಪಾಲು ಬಿಗಿಯಾಗಿರಲಿ, ಟ್ರೈಲರಿನ ಎತ್ತರ ಗಾಡಿಯ ಎತ್ತರವನ್ನು ಮೀರದಿರಲಿ. ಟೈರಿಗೆ ಗಾಳಿ ಸರಿಯಾಗಿರಲಿ, ವೇಗ ಅರವತ್ತು ದಾಟದಿರಲಿ. ಇಷ್ಟು ಮಾಡಿದರೆ ಅರ್ಧ ಕಳ್ಳರು ತಾವಾಗಿ ಓಡಿಹೋಗುತ್ತಾರೆ.

ಇದನ್ನು ಭಾವನಿಗೆ ಹೇಳಿದ್ದೇ ತಪ್ಪಾಯಿತು. ಟಾರ್ಪಾಲು ಕಿತ್ತು ಎಸೆದು, ಟ್ರೈಲರನ್ನು ಎಳೆದುಕೊಂಡು ಚಿತ್ರದುರ್ಗದ ಹಳೇ ಪೇಟೆಯ ವೆಲ್ಡಿಂಗ್ ಸಾಹೇಬರ ಹತ್ತಿರ ಬಂದರು. ಸಾಹೇಬರದು ತಲೆಮಾರುಗಳಿಂದ ಕಬ್ಬಿಣ ಬಡಿಯುತ್ತ ಬಂದ ಮನೆ. ಆ ಟ್ರೈಲರ್ ಮಾಡಿಕೊಟ್ಟವರೂ ಅವರೇ.

"ಸಾಹೇಬ್ರೆ, ಇದಕ್ಕೆ ಮುಂದ್ಗಡೆ ಒಂದು ಚೂಪು ಮೂಗು ಮಾಡ್ಕೊಡ್ರಿ. ಗಾಳಿ ಸೀಳ್ಕಂಡು ಹೋಗ್ಬೇಕು."

ಸಾಹೇಬರು ಕನ್ನಡಕ ಹಣೆಗೇರಿಸಿ ಟ್ರೈಲರಿನ ಸುತ್ತ ಬಂದರು. "ಕುರೀನ ಸಂತೆಗೆ ಕಳಿಸ್ತೀರೋ ಚಂದ್ರನ ಮೇಲಕ್ಕೋ?"

"ಮೈಲೇಜ್ ಬರ್ಬೇಕು."

"ಬರ್ತದೆ ಗೌಡ್ರೆ. ಆದ್ರೆ ಹೋದ್ ಸಲ ನನ್ ವೆಲ್ಡಿಂಗ್ ಕಡ್ಡಿ ಭಾರ ಜಾಸ್ತಿ ಆಯ್ತು ಅಂತ ಜಗಳಕ್ಕೆ ಬಂದಿದ್ರಿ. ಈಗ ಮೂಗಿಗೆ ತಗಡು ಹಾಕಿದ್ರೆ ಅದಕ್ಕೂ ಭಾರ ಇರ್ತದೆ. ಆಮೇಲೆ ನನ್ ಬಾಗಿಲಿಗೆ ಬರ್ಬಾರ್ದು. ಇವರು ಸಾಕ್ಷಿ" ಎಂದು ನನ್ನ ಕಡೆ ಕೈ ತೋರಿಸಿದರು.

ಮೂಗು ಬಂತು. ನೋಡಲು ದೋಣಿಯೊಂದು ದಾರಿ ತಪ್ಪಿ ಹೆದ್ದಾರಿಗೆ ಬಂದ ಹಾಗಿತ್ತು. ಅದಕ್ಕೂ ಭಾವನ ಮನಸ್ಸು ಒಪ್ಪಲಿಲ್ಲ. ಟ್ರೈಲರಿನ ಪಕ್ಕದ ಜಾಲರಿಯನ್ನು ದಿಟ್ಟಿಸುತ್ತ ನಿಂತರು. ಜಾಲರಿಯ ಹಿಂದೆ ಕುರಿಗಳು. ಕುರಿಗಳ ಮೈಮೇಲೆ ದಟ್ಟ ಉಣ್ಣೆ.

"ಉಣ್ಣೆ ಗಾಳಿ ಹಿಡಿತತೆ" ಎಂದರು.

ಮರುವಾರ ನಾನು ಊರಿಗೆ ಹೋದಾಗ ಅಂಗಳದಲ್ಲಿ ಉಣ್ಣೆಯ ರಾಶಿ ಬಿದ್ದಿತ್ತು. ಅದರ ಪಕ್ಕದಲ್ಲಿ, ಹೊತ್ತಲ್ಲದ ಹೊತ್ತಿನಲ್ಲಿ ಬೋಳಾದ ಕುರಿಗಳು ಒಂದಕ್ಕೊಂದು ಮುಖ ತೋರಿಸಲಾರದೆ ನಿಂತಿದ್ದವು. ಮೈಲೇಜಿಗಾಗಿ ಕಾರಿನ ಮೇಲಿನ ಕ್ಯಾರಿಯರ್ ಬಿಚ್ಚಿಸಿದವರನ್ನು ಕಂಡಿದ್ದೇನೆ. ಮೈಲೇಜಿಗಾಗಿ ಕುರಿಯ ಉಣ್ಣೆ ಕತ್ತರಿಸಿದವರನ್ನು ಕಂಡದ್ದು ಅದೇ ಮೊದಲು.

"ಇದು ಮೋಸ" ಎಂದಳು ಅಕ್ಕ. "ದಿನಾ ಉಣ್ಣೆ ಇರೋ ಕುರಿ ಸಾಗಿಸ್ತೀರಿ. ಪರೀಕ್ಷೆಗೆ ಮಾತ್ರ ಬೋಳುಕುರಿನಾ?"

"ಇನ್ಮೇಲೆ ದಿನಾ ಬೋಳುಕುರಿನೇ" ಎಂದರು ಭಾವ.

ಪಂಚಾಯಿತಿಗಾರನಾದ ನಾನು ಯೋಚಿಸಿ, ಕುರಿಗೆ ಕೂದಲು ಹಚ್ಚಲು ಸಾಧ್ಯವಿಲ್ಲವಾದ್ದರಿಂದ ಈ ಒಂದನ್ನು ಬಿಡಬಹುದು ಎಂದೆ. ಆದರೆ ದಾರಿ ನಾನು ಹೇಳಿದ್ದೇ ಆಗಬೇಕು. ಹೊಸದುರ್ಗದಲ್ಲಿ ಟ್ಯಾಂಕ್ ತುಂಬಿಸುವುದು; ಹೊಳಲ್ಕೆರೆ, ಚಿತ್ರದುರ್ಗ, ಹಿರಿಯೂರು ಸುತ್ತಿ ಅದೇ ಬಂಕಿಗೆ, ಅದೇ ಪಂಪಿಗೆ ಬರುವುದು. ಇದರ ಹಿಂದಿನ ಚಾಲಾಕಿ ನಿಮಗೆ ಹೊಳೆಯಿತೇ? ಆಷಾಢದ ಗಾಳಿ ಪಡುವಣದ್ದು. ಹೋಗುವಾಗ ಬೆನ್ನಿಗೆ ಬೀಸಿ ಎಷ್ಟು ಕೊಡುತ್ತದೋ, ಬರುವಾಗ ಎದೆಗೆ ಬೀಸಿ ಅಷ್ಟನ್ನೂ ಕಿತ್ತುಕೊಳ್ಳುತ್ತದೆ. ಬೆನ್ನುಗಾಳಿಯ ದಾರಿಯೊಂದನ್ನೇ ಆರಿಸಿ ಗೆದ್ದೆ ಎನ್ನುವವರನ್ನು ನಾನು ಅಂಗಡಿಯಲ್ಲಿ ದಿನಾ ನೋಡುತ್ತೇನೆ.

ಅಕ್ಕ ತಾನೂ ಬರುತ್ತೇನೆಂದಳು. "ನೀವಿಬ್ರೂ ದಾರೀಲಿ ಒಂದಾಗ್ಬಿಟ್ರೆ?"

ಪರೀಕ್ಷೆಯ ದಿನ ಬೆಳಗ್ಗೆ ಬಾಟಲಿ ಮಲಗಿಸಿ, ಗಾಡಿ ಅಲ್ಲಾಡಿಸಿ, ಟ್ಯಾಂಕ್ ತುಳುಕಿಸಿ ಹೊರಟೆವು. ಮುಂದೆ ಭಾವ ಮತ್ತು ಅಕ್ಕ, ಹಿಂದಿನ ಸೀಟಿನಲ್ಲಿ ನಾನು, ನನ್ನ ಹಿಂದೆ ಬೋಳುಕುರಿಗಳು. ಪರದೆಯ ಲೆಕ್ಕವನ್ನು ನಾನೇ ಅಳಿಸಿ ಸೊನ್ನೆಯಿಂದ ಶುರು ಮಾಡಿಸಿದೆ. ಭಾವ ಮೊಟ್ಟೆಯ ಬುಟ್ಟಿಯ ಮೇಲೆ ಕಾಲಿಟ್ಟವರಂತೆ ಎಕ್ಸಿಲರೇಟರ್ ಒತ್ತುತ್ತಿದ್ದರು. ಹಿಂದಿನಿಂದ ಬಂದ ಬಸ್ಸು, ಲಾರಿ, ಕೊನೆಗೆ ಮೇವು ಹೇರಿದ ಟ್ರ್ಯಾಕ್ಟರೂ ನಮ್ಮನ್ನು ದಾಟಿ ಹೋಯಿತು. ಟ್ರ್ಯಾಕ್ಟರಿನವನು ತಿರುಗಿ ನೋಡಿ, ಗಾಡಿ ಕೆಟ್ಟಿದೆಯೇ ಎಂದು ಸನ್ನೆಯಲ್ಲಿ ಕೇಳಿದ.

ರಾಮಗಿರಿಯ ಗುಡ್ಡ ಕಾಣುವ ಹೊತ್ತಿಗೆ ರೈಲ್ವೆ ಗೇಟು ಬಿತ್ತು. ಭಾವ ಇಂಜಿನ್ ಆರಿಸಿ ಕೂತರು. ರೈಲು ಬರಲಿಲ್ಲ. ಭಾವ ಗೇಟನ್ನೂ ನನ್ನನ್ನೂ ಸರದಿಯಲ್ಲಿ ನೋಡಿದರು.

"ನಾನು ಯಾರಿಗೂ ಫೋನ್ ಮಾಡಿಲ್ಲ ಭಾವ" ಎಂದೆ.

"ನಾನೇನ್ ಅಂದೆ?" ಎಂದರು.

ಹೊಳಲ್ಕೆರೆಯಲ್ಲಿ ಕುರಿಗಳಿಗೆ ನೀರು ಕುಡಿಸಬೇಕೆಂದಳು ಅಕ್ಕ. ಕುಡಿದ ನೀರಿನ ಭಾರವನ್ನು ಯಾರು ಹೊರುವುದು ಎಂದರು ಭಾವ. ಅವು ಬೆಳಗಿನಿಂದ ಟ್ರೈಲರಿನಲ್ಲಿ ಏನೇನು ಇಳಿಸಿಕೊಂಡಿವೆಯೋ ಅದನ್ನು ಕಳೆದು ನೋಡಿ ಎಂದು ನಾನು ತೀರ್ಪು ಕೊಟ್ಟೆ. ಅವರು ಹೋಗಿ ಟ್ರೈಲರಿನೊಳಗೆ ಬಗ್ಗಿ ನೋಡಿ, ಹಿಕ್ಕೆ ಗುಡಿಸಿ ಹೊರಗೆ ಹಾಕಿ ಬಂದು, "ಸರಿ ಹೋಗ್ತತೆ, ಕುಡಿಸು" ಎಂದರು.

ಹೊಳಲ್ಕೆರೆ ದಾಟಿದ ಮೇಲೆ ಗಾಳಿ ಬೆನ್ನಿಗೆ ಬಂತು. ಪರದೆಯ ಮೇಲೆ ಹತ್ತು ಬಂತು, ಹತ್ತೂವರೆ ಬಂತು. ಚಿತ್ರದುರ್ಗ ದಾಟಿ ಹಿರಿಯೂರು ತಲುಪುವಾಗ ಹನ್ನೊಂದನ್ನೂ ಮೀರಿತ್ತು. ನಾನು ಕತ್ತು ಚಾಚಿ ಚಾಚಿ ನೋಡಿದೆ. ಏನೋ ಮಸಲತ್ತಿದೆ ಅನ್ನಿಸಿತು. ಇಳಿಜಾರಿನಲ್ಲಿ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕುತ್ತಿದ್ದಾರೆಯೇ ಎಂದು ಗೇರಿನ ಮೇಲೆ ಕಣ್ಣಿಟ್ಟೆ, ಇಲ್ಲ. ಹಾಗೆ ಮಾಡಬೇಡಿ, ಭಾರ ಕಟ್ಟಿದ ಗಾಡಿ ಇಳಿಜಾರಿನಲ್ಲಿ ಕೈಮೀರಿ ಹೋಗುತ್ತದೆ. ಟ್ರೈಲರಿನಿಂದ ಒಂದೆರಡು ಕುರಿ ದಾರಿಯಲ್ಲಿ ಇಳಿದವೇ ಎಂದು ಹಿರಿಯೂರಿನಲ್ಲಿ ನಿಲ್ಲಿಸಿ ಎಣಿಸಿದೆ. ಅಷ್ಟೂ ಇದ್ದವು.

ನಾನು ಎಣಿಸುತ್ತಿರುವುದನ್ನು ಕಂಡು ಒಬ್ಬ ಕುರಿ ವ್ಯಾಪಾರಿ ಹತ್ತಿರ ಬಂದ. "ಇವೇನ್ ಕುರಿನಾ, ನಾಯಿನಾ?" ಎನ್ನುತ್ತ ಒಂದರ ಬೆನ್ನು ಒತ್ತಿ ನೋಡಿದ. ಅವನ ಮುಖ ಬದಲಾಯಿತು. "ಉಣ್ಣೆ ಒಳಗೆ ಬರೀ ಮೂಳೆ ಇಟ್ಟು ಮಾರೋರ್ನ ನೋಡಿ ಸಾಕಾಗೈತೆ. ಇವುಗಳ ಮೈಯೆಲ್ಲ ಕಾಣ್ತತೆ. ಕೊಡ್ರಿ, ಅಷ್ಟೂ ಕೊಡ್ರಿ" ಎಂದು, ಹೆಗಲ ಟವೆಲನ್ನು ನನ್ನ ಕೈಮೇಲೆ ಹಾಕಿ, ಅದರೊಳಗೆ ನನ್ನ ಬೆರಳು ಹಿಡಿದು ಬೆಲೆ ಒತ್ತಿದ.

ಒಳ್ಳೆಯ ಬೆಲೆ. ಎಂಥ ಬೆಲೆ ಎಂದರೆ, ನನ್ನ ಬೆರಳುಗಳು ನನ್ನನ್ನು ಕೇಳದೆಯೇ ಹೂಂ ಅನ್ನಲು ಹೊರಟವು. ಆದರೆ ಕುರಿ ಇಲ್ಲಿ ಇಳಿದರೆ ಟ್ರೈಲರ್ ಖಾಲಿ. ಖಾಲಿ ಟ್ರೈಲರಿನ ಮೈಲೇಜು ಯಾವ ಮೈಲೇಜು? ನಾನು ಕೈ ಎಳೆದುಕೊಂಡೆ.

"ಇವತ್ತು ಮಾರೋ ಹಂಗಿಲ್ರಿ."

"ಮತ್ತೆ ಸಂತೆ ಊರಿಗೆ ಯಾಕ್ ತಂದೀರಿ?"

"ಸುಮ್ನೆ, ಒಂದ್ ಸುತ್ತು ತೋರ್ಸ್ಕಂಡು ಹೋಗಾಣ ಅಂತ."

ಅವನು ನನ್ನನ್ನೂ, ಬೋಳುಕುರಿಗಳನ್ನೂ, ಟ್ರೈಲರಿನ ಮೂಗನ್ನೂ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಗಿರಾಕಿ ತಾನಾಗಿ ಬಂದು ಕೈ ಹಿಡಿದಾಗ ಬಿಡಿಸಿಕೊಂಡು ಬಂದದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ. ಭಾವ ಮಾತ್ರ ನನ್ನನ್ನು ಮೊದಲ ಬಾರಿಗೆ ಸ್ವಲ್ಪ ಗೌರವದಿಂದ ನೋಡಿದರು.

ಹಿರಿಯೂರಿನಿಂದ ಹೊಸದುರ್ಗದ ಕಡೆ ತಿರುಗಿದ್ದೇ ಗಾಳಿ ಎದುರಾಯಿತು. ಗೋಡೆಗೆ ಎದೆ ಕೊಟ್ಟು ನೂಕುವಂತೆ ಗಾಡಿ ನೂಕತೊಡಗಿತು. ಪರದೆಯ ಸಂಖ್ಯೆ ಇಳಿಯಿತು. ಹನ್ನೊಂದು ಹೋಯಿತು, ಹತ್ತೂವರೆ ಹೋಯಿತು. ಭಾವ ವೇಗವನ್ನು ನಲವತ್ತೈದಕ್ಕೆ ಇಳಿಸಿದರು. ದೂರದ ಗುಡ್ಡಗಳ ಮೇಲೆ ಯಂತ್ರಗಳು ಬಿಡುವಿಲ್ಲದೆ ತಿರುಗುತ್ತಿದ್ದವು. ಅವುಗಳ ಕಡೆ ಒಮ್ಮೆಯೂ ನೋಡದೆ, ಹಲ್ಲು ಕಚ್ಚಿಕೊಂಡು, ಸ್ಟೀರಿಂಗ್ ತಬ್ಬಿಕೊಂಡಂತೆ ಕೂತಿದ್ದರು. ನಾನು ಯಾರ ಕಡೆ ಎಂಬುದು ನನಗೇ ತಿಳಿಯದಾಗಿತ್ತು. ಗಿರಾಕಿಯನ್ನು ಮರೆತು, ಆ ಹತ್ತರ ಅಂಕಿ ಜಾರದಿರಲಿ ಎಂದು ನಾನೂ ಸೀಟಿನಲ್ಲಿ ಮುಂದಕ್ಕೆ ಬಾಗಿ ಗಾಡಿಯನ್ನು ನೂಕುತ್ತಿದ್ದೆ.

ಹೊಸದುರ್ಗದ ಮನೆಗಳು ಕಾಣುವಾಗ ಸಂಜೆಯಾಗಿತ್ತು. ಪರದೆಯ ಮೇಲೆ ಹತ್ತು, ಅದರ ಮೇಲೆ ಒಂದು ಚೂರು. ಬಂಕು ಕಾಣಿಸಿತು. ಅಲ್ಲಿಯವನು ನಮ್ಮ ಮೂಗನ್ನು ಗುರುತಿಸಿ ಆಗಲೇ ಎದ್ದು ನಿಂತಿದ್ದ.

ಭಾವ ಬಂಕಿಗೆ ತಿರುಗಿಸಲಿಲ್ಲ. ನೇರ ಹೋದರು.

"ಭಾವ, ಬಂಕು ಹಿಂದೆ ಹೋತಲ್ರಿ."

"ಮೆಲ್ಲಗ್ ಮಾತಾಡು."

ನಾನು ಥಟ್ಟನೆ ಎಚ್ಚೆತ್ತೆ. ಓಹೋ, ಇಲ್ಲಿದೆ ಕೈಚಳಕ ಎಂದುಕೊಂಡೆ. ಟ್ಯಾಂಕಿನ ಲೆಕ್ಕ ಬೇರೆ ಬರುತ್ತದೆಂದು ಇವರಿಗೆ ಮೊದಲೇ ಗೊತ್ತಿದೆ. ಪಂಪಿನ ಮುಂದೆ ನಿಲ್ಲದೆ ಪರದೆಯ ಸಂಖ್ಯೆಯನ್ನೇ ನನ್ನ ತಲೆಗೆ ಕಟ್ಟುವ ಉಪಾಯ. ನಿಷ್ಠುರವಾಗಿ ಹೇಳಿಬಿಡಬೇಕೆಂದು ಮುಂದಕ್ಕೆ ಬಾಗಿದೆ.

ಅಕ್ಕ ನಿದ್ದೆ ಹೋಗಿದ್ದಳು. ತಲೆ ಭಾವನ ಕಡೆ ವಾಲಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಚಿಕ್ಕಂದಿನಲ್ಲಿ ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ತಿರುಗಿದ ಅಕ್ಕ ಇಷ್ಟು ಚಿಕ್ಕವಳೇ ಎನ್ನುವಷ್ಟು ಮುದುಡಿ ಮಲಗಿದ್ದಳು.

"ಮಂಡಿ ನೋವು" ಎಂದರು ಭಾವ, ರಸ್ತೆಯಿಂದ ಕಣ್ಣು ತೆಗೆಯದೆ. "ರಾತ್ರಿಯೆಲ್ಲ ಗೋಡೆಗೆ ಒರಗಿ ಕುಂತಿರ್ತಾಳೆ. ನಾನು ಮಗ್ಗಲು ಬದಲಾಯಿಸಿದ್ರೆ ನಿದ್ದೆ ಬಂದಂಗೆ ಕಣ್ಮುಚ್ಚಿಬಿಡ್ತಾಳೆ. ನಾನೂ ನಿದ್ದೆ ಬಂದಂಗೆ ಮಲಗಿರ್ತೀನಿ. ನಿಂಗೆ ಹೇಳ್ಯಾಳಾ?"

ಹೇಳಿರಲಿಲ್ಲ. ಪ್ರತಿ ವಾರ ಆ ಮನೆ ಜಗಲಿಯಲ್ಲಿ ಕೂತು ಚಹಾ ಕುಡಿದು ಬಂದವನು ನಾನು. ಟೈರಿನ ಸವೆತ ಕಾಣುವ ನನ್ನ ಕಣ್ಣಿಗೆ ಅದು ಕಂಡಿರಲಿಲ್ಲ.

"ಎಬ್ಬಿಸ್ಬ್ಯಾಡ. ಗಾಡಿ ನಿಂತ್ರೆ ಎದ್ಬಿಡ್ತಾಳೆ" ಎಂದರು.

ಊರು ದಾಟಿತು. ಬಾಗೂರಿನ ಕಡೆಯ ರಸ್ತೆಗೆ ತಿರುಗಿಸಿದರು. ಅಲ್ಲಿ ಒಂದು ಕಡೆ ಡಾಂಬರು ಕಿತ್ತಿತ್ತು. ಅಕ್ಕನ ತಲೆ ಅಲ್ಲಾಡದಿರಲೆಂದು ಮೂರನೇ ಗೇರಿಗೆ, ಆಮೇಲೆ ಎರಡನೇ ಗೇರಿಗೆ ಇಳಿಸಿ, ಹಳ್ಳಗಳ ನಡುವೆ ಗಾಡಿಯನ್ನು ಕೈಹಿಡಿದು ನಡೆಸುವಂತೆ ನಡೆಸಿದರು. ಎರಡನೇ ಗೇರಿನಲ್ಲಿ ಭಾರ ಎಳೆದರೆ ಡೀಸೆಲ್ ಏನಾಗುತ್ತದೆ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಈ ನಾಲ್ಕು ತಾಲ್ಲೂಕಿನಲ್ಲಿಲ್ಲ. ಪರದೆಯ ಮೇಲೆ ಹತ್ತು ಹೋಯಿತು. ಒಂಬತ್ತರ ಮುಖ ಕಂಡಿತು. ಅದು ಇನ್ನೂ ಇಳಿಯುತ್ತಿತ್ತು. ಗಾಡಿ ಹೋಯಿತು ಎಂದುಕೊಂಡೆ. ಭಾವನೂ ನೋಡಿದರು. ನೋಡಿದ್ದು ನನಗೆ ಕಂಡಿತು.

ಹೊರಗೆ ಕತ್ತಲಾಗುತ್ತ ಬಂದಂತೆ ಪರದೆಯ ಬೆಳಕು ಅಕ್ಕನ ಮುಖದ ಮೇಲೆ ಬೀಳತೊಡಗಿತು. ಅವಳ ರೆಪ್ಪೆ ಸ್ವಲ್ಪ ಅಲುಗಿತು. ಭಾವ ಎಡಗೈ ಚಾಚಿ, ಗುಂಡಿಯನ್ನು ತಡಕಾಡಿ, ಪರದೆಯನ್ನು ಆರಿಸಿಬಿಟ್ಟರು.

ಅಕ್ಕ ಕಣ್ಣು ಬಿಡದೆಯೇ ಗೊಣಗಿದಳು. "ಬಂಕು ಬಂತೇನ್ರಿ?"

"ಇನ್ನೂ ದೂರ ಐತೆ. ಮಲಕ್ಕ."

ಅವಳು ತಲೆಯನ್ನು ಇನ್ನಷ್ಟು ಅವರ ಹೆಗಲಿಗೆ ಒತ್ತಿಕೊಂಡಳು. ಬಾಗೂರಿನ ದೀಪಗಳು ಬಂದವು, ಹಿಂದಕ್ಕೆ ಸರಿದವು.

"ಏನಪ್ಪ, ಇನ್ನೊಂದ್ ಸುತ್ತು ಹೋಗಾಣ?" ಎಂದು ಭಾವ ಪಿಸುದನಿಯಲ್ಲಿ ಕೇಳಿದರು.

"ಹೋಗಾಣ ಭಾವ" ಎಂದೆ. ಎಲ್ಲಿಗೆ, ಎಷ್ಟು ದೂರ ಎಂದು ಕೇಳಲಿಲ್ಲ.